ಅಮಾ ಕಡೆ ವಾಲಿ: ಔಟ್‌ರಿಗರ್ ದೋಣಿಗೆ ಹುಟ್ಟು ಹಾಕಲು ಕಲಿಯುವವರಿಗೆ

ಹವಾಯಿಯ ಹೊನೊಲುಲುವಿನ ಅಲಾ ವಾಯ್ ಕಾಲುವೆಯ ದಂಡೆಯಲ್ಲಿ ಸಂಜೆ ಐದರ ಹೊತ್ತಿಗೆ ನಿಂತರೆ ಉದ್ದುದ್ದ ಔಟ್‌ರಿಗರ್ ದೋಣಿಗಳು, ಅಂದರೆ ಪಕ್ಕಕ್ಕೊಂದು ತೇಲುವ ತುಂಡು ಕಟ್ಟಿದ ದೋಣಿಗಳು, ಒಂದರ ಹಿಂದೊಂದು ಹೋಗುತ್ತವೆ. ಒಂದೊಂದರಲ್ಲೂ ಆರು ಜನ. ಸ್ವಲ್ಪ ಹೊತ್ತಿಗೊಮ್ಮೆ ಯಾರೋ ಒಬ್ಬರು "ಹಟ್!" ಎಂದು ಕೂಗುತ್ತಾರೆ. ಆರೂ ಹುಟ್ಟುಗಳು ಒಂದೇ ಕ್ಷಣದಲ್ಲಿ ಬದಿ ಬದಲಿಸುತ್ತವೆ. ಕೆಲಸದ ಮೇಲೆ ಇಲ್ಲಿಗೆ ಬಂದ ಮೊದಲ ವರ್ಷ ಪೂರ್ತಿ ನಾನು ಇದನ್ನು ದಡದಿಂದಲೇ ನೋಡಿದೆ. ನಮ್ಮೂರು ತುಮಕೂರಿನ ಕಡೆ. ಅಲ್ಲಿ ನೀರು ಎಂದರೆ ಕೆರೆ, ಕೆರೆ ಎಂದರೆ "ಹತ್ತಿರ ಹೋಗಬೇಡ". ಆ ಮಾತು ಮೈಯಿಂದ ಹೋಗಲು ಟೈಮ್ ಬೇಕಾಯಿತು.

ಈಗ ಆರು ವರ್ಷವಾಗಿದೆ. ವಾರಕ್ಕೆ ಮೂರು ದಿನ ದೋಣಿಯಲ್ಲಿರುತ್ತೇನೆ. ನನ್ನ ಹಾಗೆ ಸೊನ್ನೆಯಿಂದ ಶುರುಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹವಾಯಿಯಲ್ಲೇ ಇರಬೇಕೆಂದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ, ಸ್ಯಾನ್ ಡಿಯಾಗೊ, ಸಿಯಾಟಲ್, ಸಿಡ್ನಿ, ಆಕ್ಲೆಂಡ್, ಹಾಂಗ್‌ಕಾಂಗ್, ಹೀಗೆ ನಮ್ಮವರು ಇರುವ ಹಲವು ಊರುಗಳಲ್ಲಿ ಈ ದೋಣಿಯ ಕ್ಲಬ್‌ಗಳಿವೆ. ಬಹಳ ಕ್ಲಬ್‌ಗಳು ಹೊಸಬರನ್ನು ಒಂದೆರಡು ಸಲ ಸುಮ್ನೆ ಕೂರಿಸಿಕೊಂಡು ಹೋಗುತ್ತವೆ. ಕೇಳಿದರೆ ಸಾಕು.

ದೋಣಿಯನ್ನು ಮೊದಲು ಗುರುತು ಮಾಡಿಕೊಳ್ಳಿ

ದೋಣಿ ತುಂಬಾ ಉದ್ದ, ಅಗಲ ಮಾತ್ರ ಕೂತರೆ ಸೊಂಟಕ್ಕೆ ತಾಗುವಷ್ಟೇ. ಆರು ಜನರ ದೋಣಿ 40 ಅಡಿಗೂ ಜಾಸ್ತಿ ಇರುತ್ತದೆ. ಇಷ್ಟು ಕಿರಿದಾದ ದೋಣಿ ತನ್ನಷ್ಟಕ್ಕೇ ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ಎಡಗಡೆ ಸ್ವಲ್ಪ ದೂರದಲ್ಲಿ ಒಂದು ತೇಲುವ ತುಂಡು ಇರುತ್ತದೆ. ಅದಕ್ಕೆ ಹವಾಯಿ ಭಾಷೆಯಲ್ಲಿ ಅಮಾ ಎನ್ನುತ್ತಾರೆ. ದೋಣಿಗೂ ಅಮಾಗೂ ನಡುವೆ ಎರಡು ಬಾಗಿದ ಅಡ್ಡತೊಲೆಗಳು. ಅವು ಇಯಾಕೊ. ತೊಲೆಗಳನ್ನು ಹಗ್ಗದಿಂದ ಬಿಗಿದು ಕಟ್ಟಿರುತ್ತಾರೆ. ಬೋಲ್ಟು, ನಟ್ಟು ಇಲ್ಲ. ಅಲೆ ಬಡಿದಾಗ ಹಗ್ಗ ಒಂದಿಷ್ಟು ಬಾಗಿಕೊಡುತ್ತದೆ, ತೊಲೆ ಮುರಿಯುವುದಿಲ್ಲ.

ಪೆಸಿಫಿಕ್ ಸಾಗರದ ದ್ವೀಪಗಳ ಜನ ಇಂಥ ದೋಣಿಗಳಲ್ಲೂ ಎರಡು ಒಡಲಿನ ಹಾಯಿದೋಣಿಗಳಲ್ಲೂ ಸಾವಿರಾರು ಮೈಲಿ ದಾಟಿ ಹೊಸ ನೆಲೆ ಕಂಡುಕೊಂಡವರು. ಟಹೀಟಿಯಲ್ಲಿ ಔಟ್‌ರಿಗರ್ ದೋಣಿಯನ್ನು ವಾಆ ಎನ್ನುತ್ತಾರೆ, ನ್ಯೂಜಿಲೆಂಡಿನ ಮಾವೊರಿಗಳು ವಾಕಾ ಅಮಾ ಎನ್ನುತ್ತಾರೆ. ನಮ್ಮ ಉತ್ತರ ಕನ್ನಡದ ಕರಾವಳಿಯವರಿಗೂ ಇದು ಪೂರ್ತಿ ಹೊಸದಲ್ಲ. ಪಾತಿ ದೋಣಿಯ ಪಕ್ಕಕ್ಕೆ ಮರದ ತುಂಡು ಕಟ್ಟಿಕೊಂಡು ಮೀನಿಗೆ ಹೋಗುವುದನ್ನು ಅಲ್ಲಿನ ಹಿರಿಯರು ಕಂಡಿದ್ದಾರೆ.

ಹವಾಯಿಯಲ್ಲಿ ಕೋವಾ ಎಂಬ ಮರದ ಒಂದೇ ದಿಮ್ಮಿಯನ್ನು ಕೊರೆದು ದೋಣಿ ಮಾಡುತ್ತಿದ್ದರು. ಆ ಹಳೆಯ ಮರದ ದೋಣಿಗಳು ಇಂದಿಗೂ ದೊಡ್ಡ ಸ್ಪರ್ಧೆಗಳಲ್ಲಿ ನೀರಿಗಿಳಿಯುತ್ತವೆ. ದಿನದ ಅಭ್ಯಾಸಕ್ಕೆ ಫೈಬರ್ ಗ್ಲಾಸ್ ದೋಣಿ. ಅದೂ ಹಗುರ ಅಲ್ಲ, ಸಾಮಾನ್ಯವಾಗಿ 400 ಪೌಂಡ್, ಅಂದರೆ 180 ಕೆಜಿ ಆಸುಪಾಸು. ನೀರಿಗೆ ಇಳಿಸುವಾಗ, ಎತ್ತಿ ಇಡುವಾಗ ಎಲ್ಲರೂ ಕೈ ಹಾಕಬೇಕು. ಹೊಸಬರು ಕೈ ಕಟ್ಟಿ ನಿಲ್ಲಬಾರದು. ನನ್ನ ಪರಿಚಯ ಶುರುವಾದದ್ದು ಅಲ್ಲೇ. ಯಾರ ಹೆಸರೂ ಗೊತ್ತಿಲ್ಲದ ಹೊತ್ತಿಗೆ ದೋಣಿ ಹೊತ್ತೆ.

ಇನ್ನೊಂದು ವಿಷಯ ಮೊದಲ ದಿನವೇ ತಿಳಿದಿರಲಿ. ದಡದಲ್ಲಿ ಇಟ್ಟ ದೋಣಿಯನ್ನು ದಾಟಬಾರದು. ಸುತ್ತು ಹಾಕಿ ಹೋಗಬೇಕು. ಇಲ್ಲಿಯ ಜನರಿಗೆ ದೋಣಿ ಮನೆಯ ಹಿರಿಯರಿದ್ದ ಹಾಗೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 1: ಈಜು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಲೈಫ್ ಜಾಕೆಟ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ನಿಲ್ಲದೆ 200 ಮೀಟರ್ ಈಜಲು ಬರಬೇಕು. ಕಾಲು ನೆಲಕ್ಕೆ ತಾಗದ ನೀರಿನಲ್ಲಿ 10 ನಿಮಿಷ ಗಾಬರಿಯಿಲ್ಲದೆ ತೇಲಬೇಕು. ಇದು ನಾನು ಹಾಕಿಕೊಂಡ ಅಳತೆ. ಕ್ಲಬ್ಬಿನ ಪರೀಕ್ಷೆ ಇದಕ್ಕಿಂತ ಹೆಚ್ಚೂ ಇರಬಹುದು.

ನಾನು 37ನೇ ವಯಸ್ಸಿನಲ್ಲಿ ಈಜುಕೊಳದಲ್ಲಿ ಕಲಿತೆ. ನಾಲ್ಕು ತಿಂಗಳು ಹಿಡಿಯಿತು. ಪಕ್ಕದ ಸಾಲಿನಲ್ಲಿ ಎಂಟು ವರ್ಷದ ಮಕ್ಕಳು ಮೀನಿನ ಹಾಗೆ ಹೋಗುತ್ತಿದ್ದರು. ದೊಡ್ಡವರಾದ ಮೇಲೆ ಕಲಿಯುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮುಖ ನೀರಿನಲ್ಲಿಟ್ಟು ಉಸಿರು ಬಿಡುವುದು ಮೈಗೆ ಬಂದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಹೆಜ್ಜೆ 2: ಆರು ಜನರ ದೋಣಿಯಲ್ಲೇ ಶುರುಮಾಡಿ

ಒಬ್ಬರೇ ಕೂರುವ ದೋಣಿ ನೋಡಲು ಚೆಂದ, ಆಸೆಯಾಗುತ್ತದೆ. ಆದರೆ ಅದರಿಂದ ಶುರುಮಾಡಬೇಡಿ. ಆರು ಜನರ ದೋಣಿ ನಿಧಾನಕ್ಕೆ ತಿರುಗುತ್ತದೆ, ತಪ್ಪನ್ನು ತಾಳಿಕೊಳ್ಳುತ್ತದೆ. ಎದುರಿಗೆ ಕೂತವರ ಬೆನ್ನೇ ನಿಮ್ಮ ಪಾಠ.

ಕೂರುವ ಜಾಗಕ್ಕೆಲ್ಲ ಒಂದೊಂದು ಕೆಲಸವಿದೆ. ಮುಂದಿನಿಂದ ಒಂದನೆಯವರು ಲಯ ಹಾಕಿಕೊಡುತ್ತಾರೆ. ಎರಡನೆಯವರು ಅದೇ ಲಯವನ್ನು ಇನ್ನೊಂದು ಬದಿಯಲ್ಲಿ ಹಿಡಿಯುತ್ತಾರೆ. ಬದಿ ಬದಲಿಸಲು ಕೂಗುವುದು ಸಾಮಾನ್ಯವಾಗಿ ಎರಡನೆಯವರು ಅಥವಾ ಮೂರನೆಯವರು. ಮೂರು, ನಾಲ್ಕು, ಐದು ದೋಣಿಯ ಎಂಜಿನ್. ಜಾಸ್ತಿ ಬಲ ಇದ್ದವರನ್ನು ಅಲ್ಲಿ ಕೂರಿಸುತ್ತಾರೆ. ಆರನೆಯವರು ಚುಕ್ಕಾಣಿ ಹಿಡಿಯುವವರು. ದೋಣಿಯಲ್ಲಿ ಅವರ ಮಾತೇ ಕಡೆಯ ಮಾತು. ಹೊಸಬರನ್ನು ಸಾಮಾನ್ಯವಾಗಿ ನಡುವೆ ಕೂರಿಸುತ್ತಾರೆ.

1, 3, 5ನೆಯವರು ಒಂದು ಬದಿಗೆ ಹುಟ್ಟು ಹಾಕಿದರೆ 2, 4ನೆಯವರು ಇನ್ನೊಂದು ಬದಿಗೆ. ಹನ್ನೆರಡರಿಂದ ಹದಿನಾರು ಸಲ ಹಾಕಿದ ಮೇಲೆ "ಹಟ್" ಎಂಬ ಕೂಗು ಬರುತ್ತದೆ. ಉಳಿದವರು "ಹೋ" ಎನ್ನುತ್ತಾರೆ. ಆಮೇಲೆ ಎಲ್ಲರೂ ಬದಿ ಬದಲಿಸುತ್ತಾರೆ. ಕೂಗಿದ ಮೇಲೆ ಅದೇ ಬದಿಗೆ ಇನ್ನೆಷ್ಟು ಹುಟ್ಟು ಹಾಕಬೇಕು ಎಂಬುದು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಹತ್ತುವ ಮೊದಲೇ ಕೇಳಿಕೊಳ್ಳಿ.

ಮೊದಲ ಆರು ವಾರ ಬಲದ ಯೋಚನೆ ಬಿಟ್ಟುಬಿಡಿ. ಎದುರಿನವರ ಹುಟ್ಟು ನೀರಿಗೆ ಬೀಳುವ ಗಳಿಗೆಗೇ ನಿಮ್ಮದೂ ಬೀಳಲಿ. ಆರು ಗಟ್ಟಿಮುಟ್ಟಾದ ಜನ ಬೇರೆ ಬೇರೆ ಹೊತ್ತಿಗೆ ಎಳೆದರೆ ದೋಣಿ ಜಗ್ಗುತ್ತದೆ, ಮುಂದೆ ಹೋಗುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಅರವತ್ತು ದಾಟಿದ ಹೆಂಗಸರ ತಂಡವೊಂದಿದೆ. ನಾವು ಹೊಸಬರ ತಂಡದಲ್ಲಿದ್ದಾಗ ಅವರು ಪ್ರತಿ ಸಂಜೆ ನಮ್ಮನ್ನು ಮಾತಾಡಿಕೊಂಡೇ ಹಿಂದೆ ಹಾಕುತ್ತಿದ್ದರು. ಅವರ ಆರು ಹುಟ್ಟುಗಳ ಅಲಗು, ಅಂದರೆ ಕೆಳಗಿನ ಚಪ್ಪಟೆ ಭಾಗ, ನೀರಿಗೆ ಬಿದ್ದರೆ ಒಂದೇ ಸದ್ದು ಕೇಳುತ್ತಿತ್ತು.

ಹೆಜ್ಜೆ 3: ಹುಟ್ಟು ಹಾಕುವ ರೀತಿ

ಇಲ್ಲಿ ಅವಸರ ಬೇಡ. ತಪ್ಪು ಅಭ್ಯಾಸ ಒಮ್ಮೆ ಕೂತರೆ ಬಿಡಿಸಲು ವರ್ಷ ಬೇಕು.

ಎಡಬದಿಗೆ ಹುಟ್ಟು ಹಾಕುತ್ತಿದ್ದೀರಿ ಎಂದುಕೊಳ್ಳಿ. ಬಲಗೈ ಮೇಲೆ, ಹುಟ್ಟಿನ ತುದಿಯ ಹಿಡಿಯ ಮೇಲೆ. ಎಡಗೈ ಕೆಳಗೆ, ಅಲಗಿಗಿಂತ ಒಂದು ಗೇಣು ಮೇಲೆ. ಸೊಂಟದಿಂದ ತಿರುಗಿ ಎಡಭುಜವನ್ನು ಮುಂದಕ್ಕೆ ಕೊಡಿ. ಎದೆ ಬಲಕ್ಕೆ ತಿರುಗುತ್ತದೆ. ಬರೀ ಕೈ ಚಾಚಿ ಮುಂದಕ್ಕೆ ಬಗ್ಗುವುದಲ್ಲ. ಮಜ್ಜಿಗೆ ಕಡೆಯುವವರ ನಡು ತಿರುಗುವುದನ್ನು ನೋಡಿದ್ದೀರಲ್ವಾ, ಆ ತಿರುವು ಬೇಕು.

ಈಗ ಅಲಗನ್ನು ನೀರಿಗೆ ಇಳಿಸಿ. ಪೂರ್ತಿ ಮುಳುಗಿದ ಮೇಲೆಯೇ ಎಳೆಯಬೇಕು. ಅರ್ಧ ಮುಳುಗಿದಾಗಲೇ ಎಳೆದರೆ ನೀರು ಚಿಮ್ಮುತ್ತದೆ, ಗಾಳಿಯ ಗುಳ್ಳೆ ಏಳುತ್ತದೆ, ಬಲ ದಂಡ. ಹಿಂದಿನವರ ಮುಖಕ್ಕೆ ನೀರು ಹಾರುತ್ತಿದ್ದರೆ ಇದೇ ತಪ್ಪು ಆಗುತ್ತಿದೆ ಎಂದು ತಿಳಿಯಿರಿ.

ಎಳೆಯುವಾಗ ನನ್ನ ಕೋಚ್ ಹೇಳಿಕೊಟ್ಟ ಒಂದು ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ. ಹುಟ್ಟು ನೀರಿನಲ್ಲಿ ನೆಟ್ಟ ಗೂಟ. ಗೂಟವನ್ನು ನಿಮ್ಮ ಕಡೆ ಎಳೆಯಲು ಆಗುವುದಿಲ್ಲ. ನಿಮ್ಮನ್ನೂ ದೋಣಿಯನ್ನೂ ಗೂಟದ ಬಳಿಗೆ ಎಳೆದುಕೊಳ್ಳುತ್ತೀರಿ. ಎಡಗಾಲಿನಿಂದ ಒತ್ತಿ. ಸುತ್ತಿದ ಸೊಂಟ ಬಿಚ್ಚಿಕೊಳ್ಳಲಿ. ಮೇಲಿನ ಕೈ ಕೆಳಕ್ಕೆ ಒತ್ತಲಿ. ತೋಳು ಬರೀ ಕೊಂಡಿ. ತೋಳಿನಿಂದಲೇ ಎಳೆದರೆ ಎರಡು ತಿಂಗಳಲ್ಲಿ ಭುಜ ನೋಯುತ್ತದೆ. ನನಗೆ ನೋಯಿತು, ಮೂರು ವಾರ ಮನೆಯಲ್ಲಿ ಕೂತೆ.

ಅಲಗು ಸೊಂಟದ ಹತ್ತಿರ ಬಂದ ಕೂಡಲೇ ಪಕ್ಕಕ್ಕೆ ಜಾರಿಸಿ ಮೇಲೆತ್ತಿ. ಇನ್ನೂ ಹಿಂದಕ್ಕೆ ಎಳೆದರೆ ನೀರನ್ನು ಮೇಲಕ್ಕೆ ಎತ್ತಿದ ಹಾಗೆ, ದೋಣಿಯ ಹಿಂಭಾಗ ಕೆಳಗೆ ಕೂರುತ್ತದೆ. ಹುಟ್ಟು ವಾಪಸ್ ಮುಂದಕ್ಕೆ ಹೋಗುವ ಹೊತ್ತು ನಿಮ್ಮ ವಿಶ್ರಾಂತಿ. ಭುಜ ಸಡಿಲ ಬಿಡಿ, ಉಸಿರು ತೆಗೆದುಕೊಳ್ಳಿ. ದೂರದ ಓಟದಲ್ಲಿ ನಿಮಿಷಕ್ಕೆ ಸುಮಾರು 55ರಿಂದ 65 ಹುಟ್ಟು ಬೀಳುತ್ತದೆ. ಆ ಚಿಕ್ಕ ಚಿಕ್ಕ ವಿಶ್ರಾಂತಿ ಇಲ್ಲದಿದ್ದರೆ ಗಂಟೆಗಟ್ಟಲೆ ಹಾಕಲು ಯಾರಿಂದಲೂ ಆಗುವುದಿಲ್ಲ.

ಮನೆಯಲ್ಲೂ ಅಭ್ಯಾಸ ಮಾಡಬಹುದು. ಕನ್ನಡಿಯ ಮುಂದೆ ಸ್ಟೂಲ್ ಹಾಕಿ ಕೂತು ಕಸಬರಿಕೆಯ ಕೋಲು ಹಿಡಿಯಿರಿ. ನಿಧಾನಕ್ಕೆ ಒಂದೊಂದು ಬದಿಗೆ ಐವತ್ತು. ಎದೆ ತಿರುಗುತ್ತಿದೆಯಾ ಅಷ್ಟು ನೋಡಿ.

ಹೆಜ್ಜೆ 4: ಮಗುಚಿದರೆ

ದೋಣಿ ಮಗುಚುವುದಕ್ಕೆ ಹವಾಯಿ ಭಾಷೆಯಲ್ಲಿ "ಹುಲಿ" ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ನಿಜಕ್ಕೂ ಬೆಚ್ಚಿದೆ. ಈಗ ಹೊಸ ಕನ್ನಡದವರು ಬಂದರೆ ಹೀಗೆ ಹೇಳಿಕೊಡುತ್ತೇನೆ: ಹುಲಿ ಬರಬಾರದು ಎಂದರೆ ಅಮ್ಮನ ಕಡೆ ವಾಲಿ. ಅಮಾ ಎಡಕ್ಕಿದೆ. ದೋಣಿ ಅಲುಗಾಡಿದರೆ, ಅಲೆ ಬಂದರೆ, ಹೆದರಿಕೆಯಾದರೆ ಎಡಕ್ಕೆ ವಾಲಿ ಹುಟ್ಟನ್ನು ಎಡಬದಿಯ ನೀರಿನ ಮೇಲೆ ಚಪ್ಪಟೆಯಾಗಿ ಒತ್ತಿ. ಅಮಾ ತೇಲುತ್ತದೆ, ನಿಮ್ಮ ಭಾರ ತಾಳುತ್ತದೆ. ಬಲಕ್ಕೆ ವಾಲಿದರೆ ಅಮಾ ಗಾಳಿಗೆ ಏಳುತ್ತದೆ. ಅದು ಅರ್ಧಕ್ಕಿಂತ ಮೇಲೆ ಎದ್ದರೆ ತಡೆಯುವುದು ಕಷ್ಟ. ಹೊಸಬರು ಗಾಬರಿಯಲ್ಲಿ ಬಲಗೈಯಿಂದ ದೋಣಿಯ ಅಂಚು ಹಿಡಿಯುತ್ತಾರೆ. ಅದೇ ಮಗುಚಿಸುವುದು.

ಮಗುಚಿಯೇ ಬಿಟ್ಟಿತು ಎನ್ನಿ. ಒಂದು ಕೈ ದೋಣಿಯ ಮೇಲಿರಲಿ, ಬಿಟ್ಟು ಹೋಗಬೇಡಿ. ಚುಕ್ಕಾಣಿಯವರು ಎಣಿಸಲು ಹೇಳುತ್ತಾರೆ. ನಿಮ್ಮ ಜಾಗದ ಸಂಖ್ಯೆಯನ್ನು ಜೋರಾಗಿ ಕೂಗಿ. ಆರೂ ಸಂಖ್ಯೆ ಕೇಳಿಸುವ ತನಕ ಬೇರೆ ಯಾವ ಕೆಲಸವೂ ಇಲ್ಲ. ಆಮೇಲೆ ಒಬ್ಬರು ಹುಟ್ಟುಗಳನ್ನೂ ನೀರು ತೋಡುವ ಡಬ್ಬಗಳನ್ನೂ ಕೂಡಿಸುತ್ತಾರೆ. ಒಬ್ಬರು ದೋಣಿಯ ಮುಂಭಾಗವನ್ನು ಅಲೆಗೆ ಎದುರಾಗಿ ಹಿಡಿಯುತ್ತಾರೆ. ಇಬ್ಬರು ಮಗುಚಿದ ದೋಣಿಯ ಮೇಲೆ ಹತ್ತಿ, ತೊಲೆಗಳನ್ನು ಹಿಡಿದು ಹಿಂದಕ್ಕೆ ವಾಲುತ್ತಾರೆ. ಉಳಿದವರು ಅಮಾವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತಾರೆ. ಅಮಾ ಮೇಲೆದ್ದು ಆಚೆ ಬದಿಗೆ ಬೀಳುತ್ತದೆ. ಬೀಳುವ ಜಾಗದಲ್ಲಿ ಯಾರ ತಲೆಯೂ ಇರಬಾರದು. ಕೊನೆಗೆ ಒಬ್ಬಿಬ್ಬರು ಒಳಗೆ ಹತ್ತಿ ನೀರು ತೋಡುತ್ತಾರೆ.

ಇದನ್ನು ಶಾಂತ ನೀರಿನಲ್ಲಿ ಬೇಕೆಂದೇ ಮಗುಚಿ ಕಲಿಸುತ್ತಾರೆ. ಆ ದಿನದ ಅಭ್ಯಾಸ ತಪ್ಪಿಸಬೇಡಿ. ನಿಮ್ಮ ಕ್ಲಬ್ಬಿನಲ್ಲಿ ಕಲಿಸದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ.

ಅಲಾ ವಾಯ್‌ನಂಥ ಕಾಲುವೆಯಲ್ಲಿ ಅಭ್ಯಾಸ ಮಾಡುವವರಿಗೆ ಒಂದು ಮಾತು. ಅದು ಊರಿನ ಮಳೆನೀರು ಹರಿದು ಬರುವ ಕಾಲುವೆ. ಕಾಲಿಗೆ ಗಾಯವಿದ್ದರೆ ಆ ನೀರಿಗೆ ಇಳಿಯಬೇಡಿ. ಜೋರು ಮಳೆ ಬಂದ ಮಾರನೆಯ ದಿನವೂ ಬೇಡ. ಮನೆಗೆ ಬಂದ ಕೂಡಲೇ ಸೋಪು ಹಾಕಿ ತೊಳೆಯಿರಿ.

ಹೆಜ್ಜೆ 5: ಸಾಮಾನು, ಅದೂ ಮೂರು ತಿಂಗಳಾದ ಮೇಲೆ

ಕ್ಲಬ್ಬಿನಲ್ಲಿ ಹುಟ್ಟು, ಲೈಫ್ ಜಾಕೆಟ್ ಸಿಗುತ್ತವೆ. ಮೊದಲ ಮೂರು ತಿಂಗಳು ಅವೇ ಸಾಕು. ನಾನು ಎರಡನೇ ವಾರವೇ ಅಂಗಡಿಗೆ ಹೋಗಿ ದುಬಾರಿ ಕಾರ್ಬನ್ ಹುಟ್ಟು ತಂದೆ. ಅದು ನನಗೆ ಎರಡು ಅಂಗುಲ ಉದ್ದ. ಭುಜದ ನೋವಿಗೆ ಅದೂ ಒಂದು ಕಾರಣ.

ಹುಟ್ಟಿನ ಅಳತೆ ಹೀಗೆ ನೋಡಿ. ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂರಿ. ಹುಟ್ಟನ್ನು ತಲೆಕೆಳಗು ಮಾಡಿ ಹಿಡಿಯನ್ನು ಕುರ್ಚಿಯ ಮೇಲೆ ಊರಿ. ಕಾವು, ಅಂದರೆ ಹುಟ್ಟಿನ ಕೋಲು, ಮುಗಿದು ಅಲಗು ಶುರುವಾಗುವ ಜಾಗ ನಿಮ್ಮ ಮೂಗಿಗೂ ಹಣೆಗೂ ನಡುವೆ ಬಂದರೆ ಸರಿ. ದೊಡ್ಡವರಲ್ಲಿ ಬಹಳ ಜನಕ್ಕೆ 48ರಿಂದ 52 ಅಂಗುಲದೊಳಗೆ ಹೊಂದುತ್ತದೆ. ಹತ್ತಿರ ಹತ್ತಿರದ ಎರಡು ಅಳತೆ ಇದ್ದರೆ ಚಿಕ್ಕದನ್ನೇ ಆರಿಸಿ. ಕಾವಿನ ಬಳಿ ಅಲಗು ಸ್ವಲ್ಪ ಬಾಗಿರುತ್ತದೆ, ಸುಮಾರು 10ರಿಂದ 12 ಡಿಗ್ರಿ. ಹಿಡಿದಾಗ ಆ ಬಾಗು ದೋಣಿಯ ಮುಂದಕ್ಕೆ ಹೋಗಬೇಕು. ಎಷ್ಟೋ ಹೊಸಬರು ತಿರುಗುಮುರುಗಾಗಿ ಹಿಡಿಯುತ್ತಾರೆ.

ಮೊದಲ ಹುಟ್ಟು ಮರದ್ದಾಗಲಿ ಎನ್ನುವುದು ನನ್ನ ಅಭಿಪ್ರಾಯ. ಸುಮಾರು 150ರಿಂದ 300 ಡಾಲರ್‌ಗೆ ಒಳ್ಳೆಯದು ಬರುತ್ತದೆ. ಮರ ಸ್ವಲ್ಪ ಬಾಗುತ್ತದೆ, ಕೀಲುಗಳಿಗೆ ಹಿತ. ಕಾರ್ಬನ್ ಹಗುರ ನಿಜ, ಆದರೆ ಪ್ರತಿ ಏಟನ್ನೂ ನೇರ ಭುಜಕ್ಕೆ ತಲುಪಿಸುತ್ತದೆ. ಚುಕ್ಕಾಣಿಗೆ ಬಳಸುವ ಹುಟ್ಟು ಬೇರೆ. ಅದು ನೇರ, ಅಲಗು ದೊಡ್ಡದು, ಗಟ್ಟಿ. ಅದು ನಿಮಗೆ ಈಗ ಬೇಡ.

ಉಳಿದದ್ದು ಸರಳ. ತುಂಬುತೋಳಿನ ಈಜು ಅಂಗಿ, ಬೇಗ ಒಣಗುವ ಚಡ್ಡಿ, ದಾರವಿರುವ ಟೋಪಿ, ಕನ್ನಡಕಕ್ಕೆ ಕಟ್ಟುವ ಪಟ್ಟಿ, ನೀರಿನ ಬಾಟಲಿ. ಕೂರುವ ಜಾಗ ಉಜ್ಜಿ ಚರ್ಮ ಕೀಳುತ್ತದೆ, ಹೊಲಿಗೆ ದಪ್ಪ ಇಲ್ಲದ ಬಟ್ಟೆ ಹಾಕಿ. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ನೀರು ವರ್ಷವಿಡೀ ತಣ್ಣಗೆ. ಬಿದ್ದರೆ ಕೆಲವೇ ನಿಮಿಷದಲ್ಲಿ ಕೈ ಮರಗಟ್ಟುತ್ತದೆ. ಅಲ್ಲಿನವರು ಹತ್ತಿಬಟ್ಟೆ ಬಿಟ್ಟು ವೆಟ್‌ಸೂಟ್ ಹಾಕಿಕೊಳ್ಳಬೇಕು.

ಹೆಜ್ಜೆ 6: ನೆಲದ ಮೇಲಿನ ತಯಾರಿ

ನನ್ನ ವಾರ ಹೀಗಿದೆ. ಮಂಗಳವಾರ, ಗುರುವಾರ ಸಂಜೆ ಒಂದೂವರೆ ಗಂಟೆ ದೋಣಿ. ಶನಿವಾರ ಬೆಳಿಗ್ಗೆ ಎರಡು ಗಂಟೆ ಸಮುದ್ರ. ಸೋಮವಾರ, ಶುಕ್ರವಾರ ಅರ್ಧ ಗಂಟೆ ಜಿಮ್. ಬುಧವಾರ ಈಜು. ಭಾನುವಾರ ರಜೆ. ಹೊಸಬರು ಇಷ್ಟೆಲ್ಲ ಮಾಡಬೇಕಿಲ್ಲ. ಮೊದಲ ಎರಡು ತಿಂಗಳು ಎರಡು ದಿನ ದೋಣಿ, ಒಂದು ದಿನ ಜಿಮ್, ಒಂದು ದಿನ ಈಜು ಸಾಕು.

ಜಿಮ್‌ನಲ್ಲಿ ತೋಳು ಬೆಳೆಸಲು ಹೋಗಬೇಡಿ. ಬೆನ್ನು, ಹೊಟ್ಟೆ, ತೊಡೆ ನೋಡಿಕೊಳ್ಳಿ. ಡೆಡ್‌ಲಿಫ್ಟ್, ಕೂತು ಎಳೆಯುವ ರೋ, ಪ್ಲ್ಯಾಂಕ್, ಇಷ್ಟು ಮಾಡಿದರೆ ಬಹಳ. ರಬ್ಬರ್ ಪಟ್ಟಿ ಎಳೆದು ಭುಜದ ಹಿಂಭಾಗ ಗಟ್ಟಿ ಮಾಡುವ ವ್ಯಾಯಾಮವನ್ನು ಮಾತ್ರ ಒಂದು ದಿನವೂ ಬಿಡಬೇಡಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ಸೊಂಟದ ಮುಂಭಾಗ ಬಿಗಿದಿರುತ್ತದೆ, ಸೊಂಟ ತಿರುಗುವುದಿಲ್ಲ. ಒಂದು ಮಂಡಿಯೂರಿ ಇನ್ನೊಂದು ಕಾಲು ಮುಂದಿಟ್ಟು ಎರಡು ನಿಮಿಷ ಹಾಗೇ ಇರಿ. ನನಗೆ ಇದರಿಂದ ಆದಷ್ಟು ಲಾಭ ಬೇರೆ ಯಾವುದರಿಂದಲೂ ಆಗಿಲ್ಲ.

ಬೆಳಗಿನ ಅಭ್ಯಾಸಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಒಂದು ಗಂಟೆ ಮೊದಲು ಬಾಳೆಹಣ್ಣು, ಒಂದು ಹಿಡಿ ಮೊಸರವಲಕ್ಕಿ.

ಹೆಜ್ಜೆ 7: ಮೊದಲ ಸ್ಪರ್ಧೆ

ಹವಾಯಿಯಲ್ಲಿ ಬೇಸಿಗೆಯ ಶನಿವಾರ, ಭಾನುವಾರ ರೆಗಾಟಾ, ಅಂದರೆ ದೋಣಿ ಸ್ಪರ್ಧೆಗಳು, ನಡೆಯುತ್ತವೆ. ಕಾಲು ಮೈಲಿಯ ಓಟದಿಂದ ಶುರು. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಂದ ಅಜ್ಜ ಅಜ್ಜಿಯರ ತನಕ ಎಲ್ಲರಿಗೂ ವಿಭಾಗವಿದೆ, ಹೊಸಬರಿಗೂ ಬೇರೆ ಇದೆ. 1986ರಿಂದ ಇದು ಈ ರಾಜ್ಯದ ಅಧಿಕೃತ ತಂಡದ ಆಟ. ದಿನವಿಡೀ ದಡದಲ್ಲಿ ಟೆಂಟ್ ಹಾಕಿ ಕೂತು, ನಿಮ್ಮ ಒಂದೆರಡು ನಿಮಿಷದ ಓಟಕ್ಕೆ ಕಾಯುತ್ತೀರಿ. ಊಟ ಹಂಚಿಕೊಳ್ಳುವುದೇ ಅರ್ಧ ಹಬ್ಬ. ನಾನು ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯುತ್ತೇನೆ, ಹನ್ನೊಂದು ಗಂಟೆಗೆಲ್ಲ ಖಾಲಿ.

ಬೇಸಿಗೆ ಮುಗಿದ ಮೇಲೆ ದೂರದ ಓಟಗಳ ಕಾಲ. ಎಲ್ಲರ ಕಣ್ಣೂ ಮೊಲೊಕಾಯ್ ದ್ವೀಪದಿಂದ ಹೊನೊಲುಲು ಇರುವ ಒಆಹು ದ್ವೀಪಕ್ಕೆ ಬರುವ ಓಟದ ಮೇಲೆ. ಸುಮಾರು 41 ಮೈಲಿ ತೆರೆದ ಸಮುದ್ರ. ಗಂಡಸರ ಮೊಲೊಕಾಯ್ ಹೋಎ 1952ರಲ್ಲಿ ಮೂರೇ ದೋಣಿಗಳಿಂದ ಶುರುವಾಯಿತು. ಹೆಂಗಸರ ನಾ ವಹಿನೆ ಓ ಕೆ ಕಾಯ್ 1979ರಲ್ಲಿ. ಒಂಬತ್ತು ಜನರ ತಂಡವಿದ್ದರೆ ಮೂವರು ಜೊತೆದೋಣಿಯಲ್ಲಿ ಬರುತ್ತಾರೆ. ಸರದಿ ಬಂದಾಗ ಅವರು ನೀರಿಗೆ ಹಾರಿ, ಸಾಗುತ್ತಿರುವ ದೋಣಿಯನ್ನು ಹಿಡಿದು ಒಳಗೇರುತ್ತಾರೆ. ಅದೇ ಕ್ಷಣಕ್ಕೆ ಒಳಗಿದ್ದವರು ಆಚೆಗೆ ಉರುಳಿಕೊಳ್ಳುತ್ತಾರೆ. ದೋಣಿ ನಿಲ್ಲುವುದೇ ಇಲ್ಲ. ಅದು ನಿಮ್ಮ ಮೊದಲ ವರ್ಷದ ಗುರಿ ಅಲ್ಲ. ಆದರೆ ಆ ದಿನ ಹೊನೊಲುಲುವಿನ ವೈಕಿಕಿಯ ದಡಕ್ಕೆ ಹೋಗಿ ದೋಣಿಗಳು ಬಂದು ಸೇರುವುದನ್ನು ಖಂಡಿತ ನೋಡಿ.

ಹೆಜ್ಜೆ 8: ಒಬ್ಬರೇ ಹೋಗುವ ದೋಣಿ

ಒಂದು ವರ್ಷವಾದ ಮೇಲೆ ಇದಕ್ಕೆ ಕೈ ಹಾಕಿ. ಇದು ಸುಮಾರು 20 ಅಡಿ ಉದ್ದ, ಒಬ್ಬರೇ ಹೆಗಲ ಮೇಲೆ ಹೊತ್ತು ಹೋಗುವಷ್ಟು ಹಗುರ. ಕಾಲಿನ ಪೆಡಲ್‌ನಿಂದ ಚುಕ್ಕಾಣಿ ತಿರುಗಿಸುತ್ತೀರಿ. ಹೊಸದಕ್ಕೆ ಸಾವಿರಾರು ಡಾಲರ್, ಹಳೆಯದನ್ನೇ ಹುಡುಕಿ.

ದೋಣಿಗೂ ಕಾಲಿಗೂ ಕಟ್ಟುವ ಲೀಶ್ ಇಲ್ಲದೆ ಒಂದು ಅಡಿಯೂ ಹೋಗಬೇಡಿ. ನೀವು ಬಿದ್ದರೆ ಗಾಳಿ ಈ ಹಗುರ ದೋಣಿಯನ್ನು ನೀವು ಈಜುವುದಕ್ಕಿಂತ ವೇಗವಾಗಿ ಒಯ್ಯುತ್ತದೆ. ಲೈಫ್ ಜಾಕೆಟ್, ಸೀಟಿ, ನೀರು ಹೋಗದ ಚೀಲದಲ್ಲಿ ಫೋನ್ ಇರಲಿ. ನಸುಕಿನಲ್ಲಿ ಹೋದರೆ ದೀಪವೂ ಬೇಕು. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ.

ಗಾಳಿಯ ದಿಕ್ಕು ಓದುವುದು ಕಲಿಯಿರಿ. ಒಆಹುವಿನಲ್ಲಿ ವರ್ಷದ ಬಹುಪಾಲು ಗಾಳಿ ಈಶಾನ್ಯದಿಂದ ಬೀಸುತ್ತದೆ. ಅಂದರೆ ದ್ವೀಪದ ದಕ್ಷಿಣ ದಡದಲ್ಲಿರುವ ವೈಕಿಕಿ ಕಡೆ ಅದು ದಡದಿಂದ ಸಮುದ್ರಕ್ಕೆ ತಳ್ಳುತ್ತದೆ. ದಡದ ಹತ್ತಿರ ನೀರು ಕನ್ನಡಿಯ ಹಾಗೆ ಕಾಣುತ್ತದೆ, ಹೊರಗೆ ಹೋದ ಮೇಲೆ ಗಾಳಿಯ ಬಲ ಗೊತ್ತಾಗುತ್ತದೆ. ಯಾವಾಗಲೂ ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆ ಬನ್ನಿ. ದಣಿದಾಗ ಎದುರುಗಾಳಿ ಸಿಗಬಾರದು.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆರು ಜನರದಾಗಲಿ, ಒಬ್ಬರದಾಗಲಿ, ವಾಪಸ್ ಬಂದ ದೋಣಿಯನ್ನು ಸಿಹಿನೀರಿನಲ್ಲಿ ತೊಳೆಯಿರಿ. ಒಳಗಿನ ನೀರು ಪೂರ್ತಿ ತೋಡಿ ಬಟ್ಟೆಯಿಂದ ಒರೆಸಿ. ಇಯಾಕೊ ಕಟ್ಟಿದ ಹಗ್ಗದ ಮೇಲೆ ಕೈಯಾಡಿಸಿ ನೋಡಿ. ಎಲ್ಲಾದರೂ ಸಡಿಲವಾಗಿದ್ದರೆ, ಎಳೆ ಬಿಟ್ಟಿದ್ದರೆ, ಮುಂದಿನ ತಂಡದವರಿಗೆ ತೋರಿಸಿ ಆಮೇಲೆ ಹೊರಡಿ.